ಬಾಗಿಲಿಂದಲೇ ತಿರುಗಿದ ದಸ್ತಗೀರ

ವಿಜಯದಶಮಿ, ಗುರುವಾರ. ನಾಗನೂರ.

ಸಿಟ್ಟು ಇನ್ನೂ ಆರಿಲ್ಲ. ಪ್ರತಿ ವರ್ಷದಂತೆ ಸಂಜೆ ಗೆಳೆಯ ದಸ್ತಗೀರ ಬನ್ನಿ ಕೊಡಲು ಬಂದಿದ್ದ. ನಾನು ಹಿತ್ತಲಲ್ಲಿದ್ದೆ. "ಕಾಕಾ, ಇದು ನಮ್ಮ ಹಬ್ಬ. ಇನ್ನ ಮ್ಯಾಲ ಬರಬ್ಯಾಡ್ರಿ" ಎಂದು ನನ್ನ ಮಗ ವಿಶಾಲ ಬಾಗಿಲಲ್ಲಿ ಹೇಳುವುದು ಕೇಳಿಸಿತು. ಚಿಕ್ಕಂದಿನಲ್ಲಿ ತನ್ನನ್ನು ಹೆಗಲ ಮೇಲೆ ಹೊತ್ತು ಆಡಿಸಿದವನಿಗೆ ಈ ಮಾತು! ನಾನು ಓಡಿ ಬರುವಷ್ಟರಲ್ಲಿ ದಸ್ತಗೀರ ಹೋಗಿಬಿಟ್ಟಿದ್ದ.

ವಿಶಾಲನಿಗೆ ಬೈದೆ. "ನಿನಗ ನಿನ್ನ ಧರ್ಮದ ಖಬರ ಇಲ್ಲ, ಯಪ್ಪಾ" ಎಂದ.

ನಾನೇ ಬನ್ನಿ ಹಿಡಿದು ದಸ್ತಗೀರನ ಮನೆಗೆ ಹೋದೆ. ಅವನ ಮಗಳು ಅರ್ಧ ಬಾಗಿಲು ತೆರೆದು, "ಅಬ್ಬಾ ಮಲ್ಕೊಂಡಾರ್ರಿ, ಕಾಕಾ" ಎಂದಳು. ಒಳಗಿನಿಂದ ಅವನ ಕೆಮ್ಮು ಕೇಳುತ್ತಿತ್ತು. "ದಸ್ತಗೀರಾ, ನಾನು ಬಂದೇನಿ" ಎಂದು ಕೂಗಿದೆ. ಕೆಮ್ಮು ನಿಂತಿತು. ಅವನು ಬರಲಿಲ್ಲ.

ಮನೆಯಲ್ಲಿ ವಿಶಾಲ ಹೋಳಿಗೆ ತಿನ್ನುತ್ತಿದ್ದ. ಏನೂ ಆಗಿಲ್ಲವೆಂಬಂತೆ "ಉಣ್ಣಾಕ ಬಾ" ಎಂದ. ನನ್ನ ಮಗನೇ, ಆದರೂ ಅವನ ಎದುರು ಕೂತು ಉಣ್ಣಲು ಮನಸ್ಸಾಗಲಿಲ್ಲ.