ತೂಕದ ಮುಳ್ಳಿಗೆ ಕಾಣದ ಒಲೆಗಳು

ಮಾನ್ಯ ಆಸ್ಪತ್ರೆಯ ಮುಖ್ಯಾಧಿಕಾರಿಗಳೇ,

"ಉರಿವ ತನಕ ಒಲೆ, ಆಮೇಲೆ ಬರೀ ಬೂದಿ" ಎಂಬಂಥ ಸಾಲೊಂದನ್ನು ಎಲ್ಲೋ ಓದಿದ್ದೆ, ಹಿಂದುಮುಂದು ಮರೆತಿದೆ. ಒಲೆಯೇ ಮಂದವಾಗಿ ಉರಿಯುವವರ ಗತಿ ಏನೆಂದು ಬರೆದವರು ಯೋಚಿಸಿದ್ದರೋ ಇಲ್ಲವೋ. ನೀವಂತೂ ಯೋಚಿಸಿಲ್ಲ. ಮೂರು ಭೇಟಿಯಲ್ಲಿ ತೂಕ ಇಳಿಯಲಿಲ್ಲವೆಂದು ನನ್ನ ಅಕ್ಕನ ಕಡತದ ಮೇಲೆ ನಿಮ್ಮ ಸಿಬ್ಬಂದಿ ಕೆಂಪು ಶಾಯಿಯಲ್ಲಿ "ಸಹಕರಿಸದ ರೋಗಿ" ಎಂದು ಬರೆದರು. ಅಕ್ಕ ಈಗಿಲ್ಲ. ಆ ಬರಹ ಇದೆ.

ಅಕ್ಕ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಕೂತು ಕಾಲರ್ ಹೊಲಿದವಳು. ಮೈ ಬಂತು, ಸಕ್ಕರೆ ಕಾಯಿಲೆಯೂ ಬಂತು. ನಿಮ್ಮ ತೂಕದ ಯಂತ್ರ ಇರುವುದು ಮೊಗಸಾಲೆಯಲ್ಲಿ, ಸಾಲು ನಿಂತವರ ನಡುವೆ. ನರ್ಸ್ ಅಂಕಿ ಕೂಗಬೇಕು, ಆಚೆ ತುದಿಯ ಗುಮಾಸ್ತರು ಬರೆದುಕೊಳ್ಳಬೇಕು, ಅದು ಪದ್ಧತಿ. ಒಮ್ಮೆ ಗುಮಾಸ್ತರು ತಲೆಯೆತ್ತದೆ, "ಮೊದ್ಲು ಬಾಯಿಗೆ ಬೀಗ ಹಾಕ್ಕೊಳಮ್ಮ, ಮಾತ್ರೆ ಏನ್ ಮಾಡುತ್ತೆ" ಎಂದರಂತೆ. ಸಾಲೆಲ್ಲ ನಕ್ಕಿತಂತೆ. ಅಕ್ಕನೂ ನಕ್ಕಳಂತೆ. ಮುಂದಿನ ಸಲ ಆಕೆ ಹಿಂದಿನ ಮಧ್ಯಾಹ್ನದಿಂದಲೇ ಉಪವಾಸವಿದ್ದು, ಕೈಗಡಿಯಾರವನ್ನೂ ಬಿಚ್ಚಿಟ್ಟು, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮಾತ್ರ ತಪ್ಪದೆ ನುಂಗಿ ಹೊರಟಳು. ತಪ್ಪಿಸಿದರೆ ಡಾಕ್ಟರು ಬೈದಾರೆಂಬ ಭಯ. ಸಾಲಿನಲ್ಲೇ ರಕ್ತದ ಸಕ್ಕರೆ ಪಾತಾಳಕ್ಕಿಳಿದು ಬಿದ್ದಳು. ಕಲ್ಲಿನ ಮೆಟ್ಟಿಲಿಗೆ ತಲೆ ಬಡಿಯಿತು. ಮೂರನೇ ದಿನ ತೀರಿಕೊಂಡಳು.

ಯಾವುದಕ್ಕೆ ಸಹಕರಿಸಲಿಲ್ಲ ಆಕೆ? ನಿಮ್ಮದೇ ಕಿರಿಯ ವೈದ್ಯೆ ಆಮೇಲೆ ನನಗೆ ತಿಳಿಹೇಳಿದರು. ತಿಂದದ್ದು ಸ್ನಾಯುಗಳ ಜೀವಕೋಶಗಳೊಳಗಿನ ಮೈಟೊಕಾಂಡ್ರಿಯ ಎಂಬ ಪುಟ್ಟ ಒಲೆಗಳಲ್ಲಿ ಉರಿದು ಶಕ್ತಿಯಾಗಬೇಕು. ಮೈ ಬಂದ ಹಲವರಲ್ಲಿ ಅವು ಮಂಕಾಗಿರುತ್ತವೆ. ಉರಿಯದ ಕೊಬ್ಬು ಸ್ನಾಯುವಿನಲ್ಲೇ ಉಳಿದು, ಸಕ್ಕರೆಯನ್ನು ಒಳಗೆ ಬಿಟ್ಟುಕೋ ಎನ್ನುವ ಇನ್ಸುಲಿನ್ನಿನ ಮಾತು ಅದಕ್ಕೆ ನಾಟದಂತಾಗುತ್ತದೆ. ಇದು ಬೊಜ್ಜಿಗೆ ಕಾರಣವೋ ಅದರ ಫಲವೋ ಎಂದು ವಿಜ್ಞಾನಿಗಳೇ ಇನ್ನೂ ತಡವರಿಸುತ್ತಿದ್ದಾರಂತೆ. ನಿಮ್ಮ ಗುಮಾಸ್ತರಿಗೆ ಮಾತ್ರ ಯಾವ ಸಂಶಯವೂ ಇಲ್ಲ. ದಿನಾ ನಡೆದರೆ ಆ ಒಲೆಗಳು ಚೇತರಿಸಿಕೊಳ್ಳಬಹುದಂತೆ, ತೂಕದ ಮುಳ್ಳು ಅಲುಗದಿದ್ದರೂ. ಅಕ್ಕ ಆರು ತಿಂಗಳಿಂದ ದಿನಾ ನಡೆಯುತ್ತಿದ್ದಳು. ಅದನ್ನು ಬರೆಯಲು ನಿಮ್ಮ ಕಡತದಲ್ಲಿ ಕಾಲಂ ಇಲ್ಲ.

ಯಂತ್ರವನ್ನು ಬಾಗಿಲಿರುವ ಕೋಣೆಗೆ ಸಾಗಿಸಿ. ಅಂಕಿ ಕೂಗುವುದನ್ನು ನಿಲ್ಲಿಸಿ. ಅಕ್ಕನ ಕಡತದಿಂದ ಆ ಎರಡು ಪದಗಳನ್ನು ಹೊಡೆದುಹಾಕಿ, ತಿದ್ದಿದ ಕಡತದ ಒಂದು ಪ್ರತಿಯನ್ನು ನನಗೆ ಕಳಿಸಿ.

ನಿನ್ನೆ ಅವಳ ಬಟ್ಟೆ ತರಲು ಹೋದಾಗ ಎದುರುಮನೆಯವರು ಬಾಗಿಲಲ್ಲೇ ನಿಲ್ಲಿಸಿ ಹೇಳಿದರು: "ಮೊದ್ಲೆಲ್ಲಾ ಮೂರು ಮಹಡಿ ಹತ್ತೋಕೆ ನಿಮ್ಮಕ್ಕ ನಾಲ್ಕು ಕಡೆ ಕೂರೋರು. ಹೋದ ತಿಂಗಳು ಎಲ್ಲೂ ನಿಲ್ಲದೆ ಹತ್ತಿದ್ರು ಕಣಮ್ಮ, ನನ್ನ ಕೈಯಲ್ಲಿದ್ದ ಚೀಲಾನೂ ತಗೊಂಡು."

ಇಂತಿ,
ತೂಕದ ದಿನ ಜೊತೆಗೆ ಬಾರದೆ ಹೋದ ತಂಗಿ