ಕೆಂಪು ನೂಲು

ಮೇ ೨೧, ಬುಧವಾರ
ಮಧ್ಯಾಹ್ನ, ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು

ನನ್ನ ಕೋತಿಮರಿಗೆ ಅಮ್ಮನ ಪ್ರೀತಿಯ ನೆನಪುಗಳು.

ಈ ಡಬ್ಬದಲ್ಲಿ, ಬಂಡೆ ಹತ್ತುವಾಗ ಸೊಂಟಕ್ಕೂ ತೊಡೆಗೂ ಬಿಗಿದುಕೊಳ್ಳುವ ಒಂದು ಹೊಸ ಹಾರ್ನೆಸ್ ಇದೆ. ಅದನ್ನು ಪಕ್ಕಕ್ಕಿಟ್ಟು ಮೊದಲು ಪತ್ರ ಓದು. ಉಡುಗೊರೆ ಕಂಡರೆ ಕಾಗದವನ್ನೆಲ್ಲ ಹರಿದು ಮೂಲೆಗೆಸೆಯುವವಳು ನೀನು, ಅದಕ್ಕೇ ಪತ್ರವನ್ನು ಅದರ ಸೊಂಟದ ಪಟ್ಟಿಗೆ ದಾರದಿಂದ ಕಟ್ಟಿದ್ದೇನೆ. ಪಿನ್ನು ಚುಚ್ಚಿಲ್ಲ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ಈ ಮೂರು ದಿನ ಬಿಟ್ಟರೆ ನಾನು ಆರಾಮಾಗಿದ್ದೇನೆ. ಈ ಬೇಸಿಗೆಯಷ್ಟು ಆರಾಮಾಗಿ ಹಿಂದೆಂದೂ ಇದ್ದ ನೆನಪಿಲ್ಲ. ಬೆರಳ ತುದಿಗಳು ಮಾತ್ರ ಸವೆದು ಒರಟಾಗಿ, ರೇಷ್ಮೆ ಮುಟ್ಟಿದರೆ ಎಳೆ ಸಿಕ್ಕಿಕೊಳ್ಳುತ್ತದೆ. ಮದುವೆಯ ಬಟ್ಟೆ ಹೊಲಿಸಲು ಬಂದ ಪಕ್ಕದ ಬೀದಿಯ ಟೀಚರಮ್ಮ, ಪಾತ್ರೆ ತಿಕ್ಕುವುದನ್ನು ಸ್ವಲ್ಪ ಕಡಿಮೆ ಮಾಡಿ ಎಂದು ಬುದ್ಧಿ ಹೇಳಿ ಹೋದರು. ನಾನೂ ಹೂಂಗುಟ್ಟಿದೆ.

ಸುದ್ದಿ ಏನೆಂದರೆ, ಐದು ಭಾನುವಾರಗಳಿಂದ ನಾನು ನಿಮ್ಮ ತೊರೆ ಬಂಡೆಗೆ ಹೋಗುತ್ತಿದ್ದೇನೆ. ನಗಬೇಡ. ನಿನಗೆ ಬಂಡೆ ಹತ್ತುವುದನ್ನು ಕಲಿಸಿದ ಹಲ್ಲಿ ಮೇಷ್ಟ್ರು ಒಂದು ದಿನ ಅಂಗಡಿಗೆ ಬಂದು, ಹತ್ತುವವರು ಕೈ ಜಾರದಿರಲೆಂದು ಬೆರಳದ್ದಲು ಸೊಂಟಕ್ಕೆ ಕಟ್ಟಿಕೊಳ್ಳುವ ಚಾಕ್‌ಪುಡಿ ಚೀಲ ಹನ್ನೆರಡು ಬೇಕು ಎಂದರು. ಅಳತೆ ಕೇಳಿದರೆ ಗಾಳಿಯಲ್ಲಿ ಕೈಯಾಡಿಸಿ ಇಷ್ಟು ಎಂದು ತೋರಿಸಿದರು. ಅದು ಕುಂಬಳಕಾಯಿಯೂ ಹಿಡಿಸುವ ಅಳತೆ. ಇದು ಆಗುವ ಮಾತಲ್ಲ, ಯಾರ ಕೈ ಎಷ್ಟು ದಪ್ಪ ಎಂದು ನಾನೇ ಬಂದು ನೋಡುತ್ತೇನೆ ಎಂದೆ. ಹಾಗೆ ಹೋದದ್ದು.

ನೀನು ಆರು ವರ್ಷ ಕರೆದೆ. ನಾನು ಒಂದು ದಿನವೂ ಬರಲಿಲ್ಲ. ತಲೆನೋವು, ಬಿಸಿಲು, ನಾಳೆಯೇ ಬಟ್ಟೆ ಕೊಡಬೇಕು, ಹೀಗೆ ದಿನಕ್ಕೊಂದು ನೆಪ. ನಿಜವಾಗಿ ನನಗಿದ್ದದ್ದು ಹೆದರಿಕೆ. ನೀನು ಬೀಳುವುದನ್ನು ನೋಡುವುದಕ್ಕಿಂತ ಆ ಕಡೆ ತಲೆಯೇ ಹಾಕದಿರುವುದು ಸುಲಭ ಅನ್ನಿಸಿತ್ತು. ನರ್ಸ್ ಕೆಲಸ ಸಿಕ್ಕಿ ಮನೆ ಬಿಡುವ ದಿನ ನೀನು, ‘ನನ್ನ ಬಟ್ಟೆಯ ಅಳತೆ ನಿನಗೆ ಗೊತ್ತು, ನಾನು ಗೊತ್ತಿಲ್ಲ’ ಎಂದೆಯಲ್ಲ, ಆ ಮಾತು ಎರಡು ವರ್ಷ ನನ್ನನ್ನು ಚುಚ್ಚುತ್ತಲೇ ಇತ್ತು.

ಎಂಥ ಜಾಗವೇ ಅದು. ಇಲ್ಲಿ ಬೀದಿಯ ಡಾಂಬರು ಚಪ್ಪಲಿಗೆ ಅಂಟುತ್ತಿದ್ದರೆ ಅಲ್ಲಿ ಮಧ್ಯಾಹ್ನ ಒಂದರವರೆಗೂ ಬಂಡೆಯ ಮೇಲೆ ನೆರಳು. ತೊರೆಯಲ್ಲಿ ಕಾಲಿಳಿಬಿಟ್ಟು ಕೂತರೆ ಮೊಣಕಾಲು ನೋವು ಎಲ್ಲಿ ಹೋಗುತ್ತದೋ. ನೀರಿನ ಸದ್ದಿಗೆ ಮೇಲಿದ್ದವರ ಕೂಗು ಕೆಳಗೆ ಕೇಳುವುದಿಲ್ಲ, ಹಗ್ಗವನ್ನು ಮೂರು ಸಲ ಎಳೆದರೆ ‘ನಾನು ಸರಿಯಾಗಿದ್ದೇನೆ, ಇಳಿಸಿ’ ಎಂದರ್ಥ ಅಂತ ನೀನು ಊಟಕ್ಕೆ ಕೂತಾಗ ಹೇಳುತ್ತಿದ್ದೆ. ಆಗ ನಾನು ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ. ಹಗ್ಗ ಸಿಕ್ಕಿಸಲು ಬಂಡೆಗೆ ಹೊಡೆದ ಮೂರನೇ ಬೋಲ್ಟಿನ ಪಕ್ಕ, ಎರಡೇ ಬೆರಳು ಹಿಡಿಸುವ ತೂತಿದೆಯಲ್ಲ, ಒಳಗೆ ಸದಾ ತಣ್ಣಗಿರುತ್ತದೆ. ಹಾಗಂತ ಹತ್ತಿದವರು ಹೇಳಿದರು.

ಈಗ ವಿಷಯಕ್ಕೆ ಬರುತ್ತೇನೆ, ಎಷ್ಟೆಂದು ಸುತ್ತಿ ಬಳಸಿ ಹೋಗಲಿ. ಹದಿನೈದು ದಿನದ ಹಿಂದೆ ನೀನು, ನನ್ನ ಹಳೆಯ ಹಾರ್ನೆಸ್ ಕಳಿಸು ಎಂದೆ. ಅಟ್ಟದಿಂದ ಇಳಿಸಿ ನೋಡಿದರೆ, ಹೊಟ್ಟೆಯ ಮುಂದೆ ಹಗ್ಗದ ಗಂಟು ಕೂರುವ ಕುಣಿಕೆ ಸವೆದು, ಕಪ್ಪು ನೇಯ್ಗೆಯ ನಡುವಿನಿಂದ ಕೆಂಪು ನೂಲು ಇಣುಕುತ್ತಿತ್ತು. ಮೂವತ್ತು ವರ್ಷ ಹೊಲಿದ ಕೈ ಸುಮ್ಮನಿರುತ್ತದೆಯೇ? ಎಲ್ಲಿ ಹರಿದಿತ್ತು ಎಂದು ಹಾಕಿಕೊಂಡವರಿಗೇ ತಿಳಿಯದಂತೆ ಹೊಲಿಯುವುದೇ ನನ್ನ ಹೆಚ್ಚುಗಾರಿಕೆ. ಅದೇ ಬಣ್ಣದ ದಪ್ಪ ನೂಲು ಹುಡುಕಿ, ಭೂತಗನ್ನಡಿ ಹಿಡಿದು, ಎರಡು ಮಧ್ಯಾಹ್ನ ಕೂತು ಕೆಂಪನ್ನೆಲ್ಲ ಮುಚ್ಚಿದೆ. ನಿನ್ನೆದುರು ಬಾಯಿಬಿಟ್ಟು ಹೇಳಲಾಗದ್ದನ್ನೆಲ್ಲ ಆ ಹೊಲಿಗೆಯಲ್ಲಿ ಹಾಕಿದೆ. ನಿನಗೆ ಒಂದು ಮಾತೂ ತಿಳಿಸದೆ ಕಳಿಸಿಯೂ ಬಿಟ್ಟೆ.

ಹೋದ ಭಾನುವಾರ ತೊರೆಯ ಹತ್ತಿರ ಒಬ್ಬ ಹುಡುಗಿಯ ಹಾರ್ನೆಸ್ಸಿನಲ್ಲೂ ಅದೇ ಕೆಂಪು ಕಂಡಿತು. ಕೊಡಮ್ಮ, ನಾಳೆ ಸಂಜೆಗೆ ಹೊಸದು ಮಾಡಿ ಕೊಡುತ್ತೇನೆ, ನನ್ನ ಮಗಳದ್ದನ್ನೂ ಹೀಗೇ ಹೊಲಿದು ಕಳಿಸಿದ್ದೇನೆ ಎಂದು ಎಲ್ಲರೆದುರು ಜಂಬ ಕೊಚ್ಚಿದೆ. ಮೇಷ್ಟ್ರು ಸುತ್ತುತ್ತಿದ್ದ ಹಗ್ಗ ಕೆಳಗಿಟ್ಟರು. ಆ ಹುಡುಗಿಯ ಹಾರ್ನೆಸ್ ಇಸಿದುಕೊಂಡು ಕುಣಿಕೆಯನ್ನು ಚಾಕುವಿನಿಂದ ಕತ್ತರಿಸಿ ಹಾಕಿದರು. ಕೆಟ್ಟದ್ದನ್ನು ಹಾಗೇ ಎಸೆದರೆ ಇನ್ಯಾರೋ ಎತ್ತಿಕೊಂಡು ಹಾಕಿಕೊಳ್ಳುತ್ತಾರೆ, ಅದಕ್ಕೆ ಕತ್ತರಿಸಿಯೇ ಎಸೆಯಬೇಕಂತೆ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು:

“ಟೈಲರಮ್ಮ, ಆ ಕೆಂಪು ನೂಲನ್ನ ಬೇಕಂತಲೇ ಒಳಗೆ ಇಟ್ಟಿರ್ತಾರೆ. ಅದು ಕಂಡ್ರೆ ಇನ್ನು ಸಾಕು, ಬಿಸಾಕು ಅಂತ ಲೆಕ್ಕ. ನೀವು ಅದನ್ನೇ ಮುಚ್ಚಿಬಿಟ್ರಲ್ಲ.”



ಮನೆಗೆ ಬಂದವಳೇ ಫೋನು ಮಾಡಿ, ಹಾರ್ನೆಸ್ಸನ್ನು ಇಲಿ ಕಡಿದಿದೆ, ಹಾಕಿಕೊಳ್ಳಬೇಡ ಎಂದೆನಲ್ಲ, ಅದು ಸುಳ್ಳು. ನಮ್ಮ ಅಟ್ಟದಲ್ಲಿ ಇಲಿ ಇಲ್ಲ. ನೀನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಎಲ್ಲೂ ಕಡಿದಿಲ್ಲ ಅಮ್ಮ, ಹೊಸದರ ಹಾಗಿದೆ, ನನಗೆ ಬೇಡವೆಂದರೆ ಹತ್ತಲು ಕಲಿಯುತ್ತಿರುವ ರೂಮಿನ ಗೆಳತಿಗೆ ಕೊಡುತ್ತೇನೆ ಎಂದೆ. ಹೊಸದರ ಹಾಗಿದೆ ಎಂಬ ಮಾತಿಗೆ ಮೂವತ್ತು ವರ್ಷ ಹಿಗ್ಗಿದವಳು ನಾನು. ಅವತ್ತು ಅದೇ ಮಾತಿಗೆ ಹೆದರಿದೆ. ಯಾರಿಗೂ ಕೊಡಬೇಡ, ಪತ್ರ ಬರುವ ತನಕ ಮುಟ್ಟಲೂ ಬೇಡ ಎಂದು ನಿನ್ನಿಂದ ಆಣೆ ಹಾಕಿಸಿಕೊಂಡೆ. ಆಗಲೂ ನಿಜ ಹೇಳಲು ನಾಲಿಗೆ ಹೊರಳಲಿಲ್ಲ. ನೀನು ಮಾತಿಗೆ ತಪ್ಪುವವಳಲ್ಲ, ಗೊತ್ತು. ಆದರೂ ಈ ಮೂರು ದಿನದಲ್ಲಿ ಡಾಕ್ಟರ ಕೋಟಿನ ಬಲತೋಳನ್ನು ಎಡಕ್ಕೆ ಕೂರಿಸಿ ಎರಡು ಸಲ ಬಿಚ್ಚಿದ್ದೇನೆ.

ಈಗ ಓದುವುದನ್ನು ನಿಲ್ಲಿಸಿ ಆ ಹಳೆಯ ಹಾರ್ನೆಸ್ಸನ್ನೂ ಕತ್ತರಿಯನ್ನೂ ತೆಗೆದುಕೋ. ಮೇಲಿಂದ ನೋಡಿದರೆ ನನ್ನ ಹೊಲಿಗೆ ಕಾಣುವುದಿಲ್ಲ, ಉಗುರಿನಿಂದ ಕೆರೆದರೆ ಸಿಗುತ್ತದೆ. ಅಲ್ಲೇ ಕತ್ತರಿಸು. ಅಮ್ಮನ ಕೆಲಸ ಎಂದು ಮರುಗಬೇಡ. ಅಷ್ಟು ಚೆನ್ನಾದ ಹೊಲಿಗೆ ಇನ್ನೊಂದು ಸಲ ನನ್ನ ಕೈಯಿಂದ ಬರುವುದಿಲ್ಲ, ಅದು ನನಗೂ ಗೊತ್ತು, ಆದರೂ ಕತ್ತರಿಸು. ಒಳಗಿನ ಕೆಂಪು ನೂಲಿನ ಒಂದು ತುಂಡನ್ನು ಲಕೋಟೆಯಲ್ಲಿ ಹಾಕಿ ನನಗೆ ಕಳಿಸು. ಮೆಷಿನ್ನಿನ ದೀಪಕ್ಕೆ ಕಟ್ಟಿಕೊಳ್ಳುತ್ತೇನೆ.

ತಪ್ಪಾಯಿತು ಮಗಳೇ. ಹಾರ್ನೆಸ್ಸಿಗೆ ಒಂದು, ಆ ಆರು ವರ್ಷಕ್ಕೆ ಇನ್ನೊಂದು. ಹೊಲಿಗೆಯಲ್ಲಿ ಹೇಳಿದ್ದು ಹೀಗಾಯಿತು ನೋಡು, ಅದಕ್ಕೆ ಈ ಸಲ ಅಕ್ಷರದಲ್ಲೇ ಬರೆದಿದ್ದೇನೆ.

ಹೊಸದನ್ನು ಮೇಷ್ಟ್ರೇ ನೋಡಿ ಆರಿಸಿ ತಂದುಕೊಟ್ಟರು. ಅದರ ಮೇಲೆ ನನ್ನ ಒಂದು ಹೊಲಿಗೆಯೂ ಇಲ್ಲ. ನಿನ್ನ ಹೆಸರಿನ ಮೊದಲಕ್ಷರವಾದರೂ ಹಾಕೋಣವೆಂದು ಸೂಜಿಗೆ ದಾರ ಪೋಣಿಸಿದ್ದೆ. ಕೈಗೆ ನಾನೇ ಎರಡು ಮಾತು ಬೈದು ಸೂಜಿ ಡಬ್ಬಕ್ಕೆ ಹಾಕಿದೆ.

ಕತ್ತರಿಸಿ ಆದ ಮೇಲೆ ನನ್ನ ಫೋನಿಗೆ ಮೂರು ಸಲ ರಿಂಗ್ ಮಾಡಿ ಇಟ್ಟುಬಿಡು. ಮಾತು ಸಂಜೆಗಿರಲಿ. ಗಿರಾಕಿಗಳ ಎದುರು ಅತ್ತರೆ ಚೆನ್ನಾಗಿರುವುದಿಲ್ಲ.

ಇಂತಿ, ತಡವಾಗಿಯಾದರೂ ನೋಡಲು ಬಂದ
ನಿನ್ನ ಅಮ್ಮ

ತಾ.ಕ.: ಮೇಷ್ಟ್ರು ತಂದದ್ದು ಎರಡು ಹಾರ್ನೆಸ್. ಇನ್ನೊಂದು ಮೆಷಿನ್ನಿನ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದೆ, ನನ್ನ ಅಳತೆಯದು. ಬೆರಳು ಸವೆದದ್ದು ಪಾತ್ರೆ ತಿಕ್ಕಿ ಅಲ್ಲ. ಮೂರನೇ ಬೋಲ್ಟು ದಾಟಲು ಇನ್ನೂ ಧೈರ್ಯ ಬಂದಿಲ್ಲ, ಅಲ್ಲಿಂದ ಮೇಲಕ್ಕೆ ನೀನು ರಜೆಗೆ ಬಂದು ಹಗ್ಗ ಹಿಡಿ. ಮೂರು ಸಲ ಎಳೆದ ಕೂಡಲೇ ಇಳಿಸಬೇಕು, ತಮಾಷೆ ಮಾಡಬಾರದು.