ಒಣಗಿದ ಸಾಲಿನ ಮುಂದೆ ಅಕ್ಕ

ಗುಣಮಟ್ಟದ ಮುದ್ರೆಯೊತ್ತುವ ಮಾನ್ಯ ಅಧಿಕಾರಿಗಳೇ,

ಮೂರು ವರ್ಷ ಕಟ್ಟಿಕೊಳ್ಳುವುದಿಲ್ಲವೆಂದು ನೀವು ಪ್ರಮಾಣಪತ್ರ ಕೊಟ್ಟ, ಪೈಪಿನಿಂದ ಹನಿಹನಿಯಾಗಿ ನೀರು ಬಿಡುವ ಡ್ರಿಪ್ಪರುಗಳು ನಮ್ಮ ಬೀಜ ಸಂಶೋಧನಾ ತೋಟದಲ್ಲಿ ನಲವತ್ತೇ ದಿನಕ್ಕೆ ಕಟ್ಟಿಕೊಂಡವು. ಅದನ್ನು ನೀವು ಕಡತದಲ್ಲಿ "ಬಳಕೆದಾರರ ನಿರ್ಲಕ್ಷ್ಯ" ಎಂದು ಬರೆದು ಕೈತೊಳೆದುಕೊಂಡಿರಿ. ಆ ಬಳಕೆದಾರಳೆಂದು ಕಡತದಲ್ಲಿ ಹೆಸರಿರುವವಳು ನನ್ನ ಅಕ್ಕ.

ಅಕ್ಕ ಅಲ್ಲಿ ತಳಿ ತಜ್ಞೆ, ನಾನು ಮೆಕ್ಯಾನಿಕ್. ಬೇರುಕೊಳೆ ರೋಗಕ್ಕೆ ಜಗ್ಗದೆ ಉಳಿದಿದ್ದ ಒಂದೇ ಒಂದು ಬೀನ್ಸ್ ಗಿಡದಿಂದ ಹನ್ನೊಂದು ವರ್ಷ ಬೀಜ ಆರಿಸುತ್ತ ಬಂದವಳು. ಕಾದಿರಿಸಿದ್ದ ಬೀಜಕ್ಕೆ ಹುಳ ಬಿದ್ದಾಗ, ಉಳಿದಷ್ಟನ್ನೂ ಈ ಸಲ ಒಂದೇ ಸಾಲಿಗೆ ಬಿತ್ತಿದ್ದಳು. ಗಿಡ ಹೂ ಬಿಡುವ ಹೊತ್ತಿಗೆ ಅವಳ ಮಂಡಿಗೆ ಶಸ್ತ್ರಚಿಕಿತ್ಸೆಯಾಯಿತು.

ಆಸ್ಪತ್ರೆಯಿಂದ ದಿನಾ ಫೋನು: "ತಮ್ಮಾ, ನನ್ನ ಸಾಲಿಗೆ ನೀರು ಹೋಗ್ತಿದೆಯೇನೋ?"

"ಹೋಗ್ತಿದೆ ಅಕ್ಕ, ನೀನು ಸುಮ್ನೆ ಮಲ್ಕೋ."

ಹೋಗುತ್ತಿರಲಿಲ್ಲ. ನಮ್ಮದು ಚಕ್ರಗಳ ಮೇಲೆ ಹೊಲದಲ್ಲಿ ಚಲಿಸುವ ಯಂತ್ರ. ಅದರ ಹಿಂದೆ ಜೋತುಬಿದ್ದ ಪೈಪುಗಳು ನೆಲದ ಮೇಲೆ ಉಜ್ಜಿಕೊಂಡು ಸಾಗುತ್ತ ತಂತಮ್ಮ ಸಾಲಿಗೆ ಹನಿ ಬಿಡಬೇಕು. ಯಂತ್ರ ಓಡುತ್ತಿತ್ತು, ನೀರಿನ ಒತ್ತಡ ತೋರಿಸುವ ಮುಳ್ಳು ಸರಿಯಾಗಿಯೇ ಇತ್ತು. "ಆಗಾಗ ತಪಾಸಣೆ ಬೇಕಿಲ್ಲ" ಎಂದು ನಿಮ್ಮ ಪ್ರಮಾಣಪತ್ರವೇ ಹೇಳಿತ್ತಲ್ಲ! ನಾಲ್ಕು ಹೊಲ ನೋಡಿಕೊಳ್ಳುವ ನಾನು ಬಗ್ಗಿ ನೋಡಲಿಲ್ಲ.

ಊರುಗೋಲು ಹಿಡಿದು ಬಂದ ಅಕ್ಕ ಒಣಗಿದ ಸಾಲಿನ ಮುಂದೆ ಕಷ್ಟಪಟ್ಟು ಕುಳಿತಳು. ಒಂದು ಡ್ರಿಪ್ಪರನ್ನು ಉಗುರಿನಿಂದ ಕೆರೆದಳು. ಸುಣ್ಣ, ಕೆಸರು ಕಲ್ಲಾಗಿತ್ತು. ಸುರುಟಿದ ಕಾಯಿಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಒಂದರಲ್ಲೂ ಕಾಳಿರಲಿಲ್ಲ.

"ಎಷ್ಟು ದಿನ ಆಯ್ತೋ ನೀರು ನಿಂತು?"

"ಗೊತ್ತಿಲ್ಲ ಅಕ್ಕ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಬಿಡೋ, ನೀನೇನು ಬೇಕಂತ ಮಾಡಿದ್ಯಾ?" ಎಂದು ನನ್ನ ತಲೆ ಸವರಿದಳು.

ನಿಮ್ಮ ಪರೀಕ್ಷಾ ಕೋಣೆಗೂ ಹೋಗಿಬಂದೆ. ಪೈಪನ್ನು ನುಣುಪಾದ ಮೇಜಿನ ಮೇಲೆ ಅಲುಗಾಡದಂತೆ ಮಲಗಿಸಿ, ಸೋಸಿದ ನೀರು ಹರಿಸುತ್ತಿದ್ದರು. "ಮಣ್ಣಲ್ಲಿ ಎಳೆದು ನೋಡಲ್ವಾ ಸರ್?" ಎಂದು ಕೇಳಿದೆ. "ಕೋಣೆ ಗಲೀಜಾಗುತ್ತೆ ಕಣ್ರೀ" ಎಂದರು ಅಲ್ಲಿನ ನೌಕರರು. ಎಂಥ ಶುಚಿತ್ವ! ಬೆಳೆಗಳು ನಿಮ್ಮ ಮೇಜಿನ ಮೇಲೆಯೇ ಬೆಳೆಯುತ್ತವೆಂದು ಭಾವಿಸಿದ್ದೀರಾ ಮಾನ್ಯರೇ?

ಅಕ್ಕ ಈಗ ಕಚೇರಿಯಲ್ಲಿ ಬೀಜದ ಪೊಟ್ಟಣಗಳಿಗೆ ಚೀಟಿ ಅಂಟಿಸುವ ಕೆಲಸ ಕೇಳಿ ಪಡೆದಿದ್ದಾಳೆ. ಹೊಲದ ಕಡೆಯ ಕಿಟಕಿಗೆ ಬೆನ್ನು ಹಾಕಿ ಕೂರುತ್ತಾಳೆ.

ಆ ಡ್ರಿಪ್ಪರುಗಳ ಪ್ರಮಾಣಪತ್ರ ಹಿಂಪಡೆಯಿರಿ. ಇನ್ನು ಮುಂದೆ ಮಣ್ಣಿನಲ್ಲಿ ಎಳೆದು, ಗಡಸು ನೀರು ಹರಿಸಿ ಪರೀಕ್ಷಿಸಿ. ಕಡತದಿಂದ ಅಕ್ಕನ ಹೆಸರನ್ನು ಇಂದೇ ಹೊಡೆದುಹಾಕಿ. ನಿರ್ಲಕ್ಷ್ಯವೆಂದು ಬರೆಯಲೇಬೇಕಿದ್ದರೆ ಅಲ್ಲಿ ಎರಡು ಹೆಸರು ಬರೆಯಿರಿ: ಮೊದಲು ನಿಮ್ಮದು, ಆಮೇಲೆ ನನ್ನದು.

ಇಂತಿ,
ತನ್ನ ಜೊತೆ ನೀವೂ ತಪ್ಪೊಪ್ಪಿಕೊಳ್ಳಲೆಂದು ಕಾದಿರುವ
ಒಬ್ಬ ಮೆಕ್ಯಾನಿಕ್